ಸಾರು ಕಲಸಿದ ಅನ್ನ ನಾಯಿಗೆ ಹಾಕಬಹುದೇ? ಮನೆ ಅಡುಗೆಯಲ್ಲೇ ಸಾಕುವವರು ಹೇಳಿ

ಮೈಸೂರು ಹಿತ್ತಿಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ವರ್ಷದ ನಾಟಿ ಹೆಣ್ಣುನಾಯಿ ಇದೆ. ಹೆಸರು ಚಿನ್ನಿ, ತೂಕ 12 ಕೆ.ಜಿ., ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಇದುವರೆಗೆ ಅಂಗಡಿಯ ಒಣ ಆಹಾರ ಹಾಕುತ್ತಿದ್ದೆವು. ಈಚೆಗೆ ಅದನ್ನು ಮೂಸಿ ನೋಡಿ ಎದ್ದು ಹೋಗುತ್ತಾಳೆ. ಅತ್ತೆಯವರು ಅನ್ನಕ್ಕೆ ಸಾರು ಕಲಸಿ ಇಟ್ಟರೆ ಮಾತ್ರ ತಟ್ಟೆ ನೆಕ್ಕಿ ಮುಗಿಸುತ್ತಾಳೆ. "ನಾವು ಉಂಡದ್ದನ್ನೇ ಉಂಡು ನಮ್ಮ ತವರಿನ ನಾಯಿಗಳು ಗುಂಡುಕಲ್ಲಿನ ಹಾಗಿದ್ದವು" ಎಂಬುದು ಅವರ ವಾದ.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮಕಡೇಮಿಯ ಬೀಜ ಕೊಡಬೇಡಿ, ಬ್ಲೂಬೆರಿ ಕೊಡಿ ಎಂದು ಬರುತ್ತದೆ. ಎರಡೂ ನಮ್ಮ ಮನೆಯ ಹೊಸ್ತಿಲು ದಾಟಿದ ಪದಾರ್ಥಗಳಲ್ಲ. ಹುಳಿ, ಗೊಜ್ಜು, ಪುಳಿಯೋಗರೆ, ಕೇಸರಿಬಾತಿನ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ನಮ್ಮದು ಸಸ್ಯಾಹಾರಿ ಮನೆ. ಮಾಂಸದ ಮಾತೇ ಇಲ್ಲ. ಮೊಟ್ಟೆಯನ್ನು ಹಿತ್ತಿಲಿನಲ್ಲಿ ಬೇರೆ ಒಲೆಯ ಮೇಲೆ ಬೇಯಿಸಲು ಒಪ್ಪಿಗೆ ಸಿಕ್ಕಿದೆ, ಪಾತ್ರೆ ಮಾತ್ರ ಒಳಗೆ ಬರಕೂಡದು. ಇಷ್ಟರಲ್ಲೇ ನಾಯಿಗೆ ಸರಿಯಾಗಿ ಊಟ ಹಾಕಲು ಆಗುತ್ತದೆಯೇ?

ಹಾಸನದ ಹಳಬ

ನಿಮ್ಮ ಅತ್ತೆಯವರು ಹೇಳುವುದರಲ್ಲಿ ತಪ್ಪೇನಿದೆ? ನಮ್ಮ ತೋಟದ ಮನೆಯಲ್ಲಿ ಎಂದೂ ನಾಯಿ ಇಲ್ಲದೆ ಇರಲಿಲ್ಲ. ರಾತ್ರಿ ಉಳಿದ ಮುದ್ದೆ, ಅದರ ಮೇಲೆ ಒಂದಿಷ್ಟು ಮಜ್ಜಿಗೆ, ಅಷ್ಟೇ. ಚೀಲದ ಆಹಾರ ಬಂದ ಮೇಲೆಯೇ ನಾಯಿಗಳಿಗೆ ಚರ್ಮರೋಗ, ಸಕ್ಕರೆ ಕಾಯಿಲೆ ಎಲ್ಲ ಶುರುವಾದದ್ದು ಎಂಬುದು ನನ್ನ ಅನಿಸಿಕೆ. ರಾಗಿಯಲ್ಲಿರುವಷ್ಟು ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲಿದೆ ಹೇಳಿ ನೋಡೋಣ.

ಕಡಲ ಕಿನಾರೆ

ನಾವು ಕುಂದಾಪುರದ ಕಡೆಯವರು. ಬೂತಾಯಿ ಮೀನು ಬೇಯಿಸಿ, ಕುಚ್ಚಲಕ್ಕಿ ಅನ್ನಕ್ಕೆ ಕಿವುಚಿ ಹಾಕುತ್ತೇವೆ. ಉಪ್ಪು, ಹುಳಿ, ಖಾರ ಯಾವುದೂ ಇಲ್ಲ. ನಾಯಿಯ ಕೂದಲು ನೋಡಿದವರು ಯಾವ ಶ್ಯಾಂಪೂ ಎಂದು ಕೇಳುತ್ತಾರೆ. ಸಸ್ಯಾಹಾರಿಗಳಿಗೆ ಇದು ಉಪಯೋಗಕ್ಕೆ ಬರುವುದಿಲ್ಲ, ಗೊತ್ತು, ಆದರೂ ಹೇಳಿಟ್ಟೆ.

ಪಶುವೈದ್ಯೆ, ಶಿವಮೊಗ್ಗ

ಹಾಸನದ ಹಿರಿಯರೇ, ಮುದ್ದೆ ತಿಂದ ನಾಯಿಗಳು ಬದುಕಿದ್ದವು, ನಿಜ. ಆದರೆ ಅವು ಮುದ್ದೆ ಒಂದನ್ನೇ ತಿಂದು ಬದುಕಿರಲಿಲ್ಲ. ಗದ್ದೆಯ ಇಲಿ, ಹೆಗ್ಗಣ, ಹಸು ಈದಾಗ ಬೀಳುವ ಮಾಸು, ಊರಾಚೆ ಎಸೆದ ದನದ ಎಲುಬು, ನೆರೆಮನೆಯ ಕೋಳಿಮೊಟ್ಟೆ ಎಲ್ಲವೂ ಅವುಗಳ ಹೊಟ್ಟೆಗೆ ಹೋಗುತ್ತಿದ್ದವು. ನೀವು ಹಾಕುತ್ತಿದ್ದುದು ಊಟದ ಒಂದು ಪಾಲು, ಉಳಿದದ್ದನ್ನು ಅವೇ ದುಡಿದುಕೊಳ್ಳುತ್ತಿದ್ದವು. ಕಾಂಪೌಂಡಿನ ಒಳಗಿರುವ ಚಿನ್ನಿಗೆ ತಟ್ಟೆಯಲ್ಲಿ ಬಿದ್ದದ್ದೇ ಸರ್ವಸ್ವ. ಇನ್ನೊಂದು ಮಾತು: ಅಂದಿನ ನಾಯಿಗಳಲ್ಲಿ ಬದುಕಿ ಉಳಿದವು ನಮ್ಮ ನೆನಪಿನಲ್ಲಿವೆ. ಮರಿಯಲ್ಲೇ ಸತ್ತವನ್ನು ಯಾರೂ ಲೆಕ್ಕ ಇಟ್ಟಿಲ್ಲ.

ಮೈಸೂರಿನವರೇ, ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ. 12 ಕೆ.ಜಿ. ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 450 ಕಿಲೊಕ್ಯಾಲರಿ ಬೇಕು. ಶಸ್ತ್ರಚಿಕಿತ್ಸೆಯಾದ, ಮನೆಯಲ್ಲಿ ಓಡಾಡಿಕೊಂಡಿರುವ ವಯಸ್ಕ ನಾಯಿಗೆ ಅದರ 1.6 ಪಟ್ಟು, ಎಂದರೆ 720ರ ಆಸುಪಾಸು. ಪ್ರಾಣಿಗಳ ಆಹಾರಕ್ಕೆ ಅಮೆರಿಕದ ಆಫ್ಕೋ ಎಂಬ ಸಂಸ್ಥೆಯ ಮಾನದಂಡವನ್ನು ಎಲ್ಲೆಡೆ ಅಳತೆಗೋಲಾಗಿ ಬಳಸುತ್ತಾರೆ. ಅದರ ಪ್ರಕಾರ ವಯಸ್ಕ ನಾಯಿಗೆ ಪ್ರತಿ 1000 ಕಿಲೊಕ್ಯಾಲರಿಗೆ ಕನಿಷ್ಠ 45 ಗ್ರಾಂ ಪ್ರೋಟೀನ್, 1.25 ಗ್ರಾಂ ಕ್ಯಾಲ್ಸಿಯಂ ಇರಬೇಕು. ಚಿನ್ನಿಯ ಪಾಲಿಗೆ ಅದು ಸುಮಾರು 32 ಗ್ರಾಂ ಪ್ರೋಟೀನ್, 0.9 ಗ್ರಾಂ ಕ್ಯಾಲ್ಸಿಯಂ.

ಈಗ ಮೊಸರನ್ನ ನೋಡಿ. 400 ಗ್ರಾಂ ಅನ್ನ, 200 ಗ್ರಾಂ ಮೊಸರು ಕಲಸಿದರೆ ಹೊಟ್ಟೆ ತುಂಬುತ್ತದೆ, 640 ಕಿಲೊಕ್ಯಾಲರಿ ಬರುತ್ತದೆ. ಪ್ರೋಟೀನ್ ಮಾತ್ರ 17 ಗ್ರಾಂ ಆಸುಪಾಸು, ಬೇಕಾದುದರ ಅರ್ಧ. ಕ್ಯಾಲ್ಸಿಯಂ ಮೂರನೆಯ ಒಂದು ಭಾಗ. ಸಾರನ್ನವಾದರೆ ಇದಕ್ಕಿಂತ ಕಡೆ. ನಾಯಿ ದಪ್ಪಗಾಗುತ್ತದೆ, ಮನೆಯವರು ಚೆನ್ನಾಗಿ ತಿನ್ನುತ್ತಿದೆ ಎಂದುಕೊಳ್ಳುತ್ತಾರೆ, ಒಳಗೆ ಸ್ನಾಯು ಕರಗಿ ಕೊಬ್ಬು ಕೂರುತ್ತಿರುತ್ತದೆ.

ರಾಗಿಯ ಕ್ಯಾಲ್ಸಿಯಂ ವಿಚಾರ ಹಿರಿಯರು ಹೇಳಿದ್ದು ಸರಿ. 100 ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ ಇದೆ. ಆದರೆ ಅದೇ ಹಿಟ್ಟಿನಲ್ಲಿರುವ ಫೈಟೇಟ್ ಎಂಬ ಅಂಶ ಆ ಕ್ಯಾಲ್ಸಿಯಂನಲ್ಲಿ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರೋಟೀನ್ ಇರುವುದು 7 ಗ್ರಾಂ ಮಾತ್ರ. ಮುದ್ದೆ ಕೊಡಿ, ಧಾರಾಳವಾಗಿ ಕೊಡಿ. ಅನ್ನದ ಬದಲಿಗೆ ಕೊಡಿ, ಮೊಟ್ಟೆಯ ಬದಲಿಗಲ್ಲ.

ಮೈಸೂರು ಹಿತ್ತಿಲು

ಮೇಡಂ, ಹಾಗಾದರೆ ತಟ್ಟೆಯಲ್ಲಿ ಏನೇನಿರಬೇಕು? ಮತ್ತೆ ಸಾರಿನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಪಶುವೈದ್ಯೆ, ಶಿವಮೊಗ್ಗ

ಮೊದಲು ಸಾರು. ಬೇಡ. ಕಾರಣ ಖಾರವಲ್ಲ, ಹುಣಸೆಹಣ್ಣು.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಕೆಡುತ್ತದೆ ಎಂಬುದು ಬಹಳ ಹಿಂದಿನಿಂದ ಗೊತ್ತಿತ್ತು, ಯಾಕೆ ಎಂದು ಗೊತ್ತಿರಲಿಲ್ಲ. ಅಮೆರಿಕದ ಪ್ರಾಣಿವಿಷ ಸಹಾಯಕೇಂದ್ರದ ವೈದ್ಯರು 2021ರಲ್ಲಿ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಮರುವರ್ಷ ಪ್ರಕಟವಾದ ಪ್ರಬಂಧದಲ್ಲಿ ಹುಣಸೆಹಣ್ಣು ತಿಂದು ಮೂತ್ರಪಿಂಡ ಕೈಕೊಟ್ಟ ನಾಯಿಗಳ ಪ್ರಕರಣಗಳೂ ಸೇರಿದ್ದವು. ಹುಣಸೆಯ ಹುಳಿ ಎಂದರೆ ಮುಖ್ಯವಾಗಿ ಟಾರ್ಟಾರಿಕ್ ಆಮ್ಲವೇ. ವಿದೇಶದ ಪಟ್ಟಿಗಳಲ್ಲಿ ಹುಣಸೆ ಕಾಣಿಸುವುದು ಅಪರೂಪ, ಏಕೆಂದರೆ ಅವರ ದಿನನಿತ್ಯದ ಅಡುಗೆಯಲ್ಲಿ ಅದಿಲ್ಲ. ನಮ್ಮ ಅಡುಗೆ ಅದಿಲ್ಲದೆ ನಡೆಯುವುದಿಲ್ಲ. ಪಟ್ಟಿಯನ್ನು ಹಾಗೇ ತಂದು ಗೋಡೆಗೆ ಅಂಟಿಸಿಕೊಂಡರೆ ಆಗುವ ತೊಂದರೆ ಇದು.

ಒಂದು ಸೌಟು ತಿಳಿಸಾರು ತಿಂದ ನಾಯಿ ಸಾಯುತ್ತದೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ನಾಯಿಗಳು ತಿಂದು ಆರಾಮಾಗಿವೆ. ಆದರೆ ದ್ರಾಕ್ಷಿಯಂತೆ ಇದಕ್ಕೂ ಯಾವ ನಾಯಿಗೆ ಎಷ್ಟು ಅಪಾಯ ಎಂದು ಮೊದಲೇ ಹೇಳಲು ಬರುವುದಿಲ್ಲ. ಪುಳಿಯೋಗರೆ ಗೊಜ್ಜು, ಹುಣಸೆ ತೊಕ್ಕು, ಹಿತ್ತಿಲಿನಲ್ಲಿ ಒಣಗಹಾಕಿದ ಹುಣಸೆ, ಇವುಗಳ ಹತ್ತಿರ ನಾಯಿ ಸುಳಿಯಬಾರದು. ಕೇಸರಿಬಾತು, ಪಾಯಸದಲ್ಲಿ ಗೋಡಂಬಿ ಪರವಾಗಿಲ್ಲ, ದ್ರಾಕ್ಷಿ ಒಂದೂ ಬೇಡ.

ಉಪಾಯ ಸುಲಭ. ಕುಕ್ಕರಿನಿಂದ ತೊಗರಿಬೇಳೆ ಇಳಿಸಿದ ತಕ್ಷಣ, ಹುಳಿ, ಉಪ್ಪು, ಸಾರಿನ ಪುಡಿ ಬೀಳುವ ಮೊದಲು, ಚಿನ್ನಿಯ ಪಾಲನ್ನು ತೆಗೆದಿಡಿ. ಅತ್ತೆಯವರು ದೇವರ ನೈವೇದ್ಯಕ್ಕೆ ಮೊದಲು ಎತ್ತಿಡುವುದಿಲ್ಲವೇ, ಅದರ ಹಿಂದೆಯೇ ಇದನ್ನೂ ಎತ್ತಿಟ್ಟರಾಯಿತು. ಅನ್ನಕ್ಕೆ ಮೆತ್ತಗೆ ಬೆಂದ ಬೇಳೆ ಕಲಸಿದರೆ ಅವಳು ಸಾರು ಕೇಳುವುದಿಲ್ಲ.

ದಿನದ ತಟ್ಟೆಗೆ ಒಂದು ಉದಾಹರಣೆ: 250 ಗ್ರಾಂ ಅನ್ನ ಅಥವಾ ಅದಕ್ಕೆ ಸಮನಾದ ಮುದ್ದೆ, ಬೇಯಿಸಿದ ಎರಡು ಮೊಟ್ಟೆ, 50 ಗ್ರಾಂ ಪನೀರ್, 100 ಗ್ರಾಂ ಮೊಸರು, ಬೇಯಿಸಿದ ಸಿಹಿಗುಂಬಳ ಅಥವಾ ಹುರುಳಿಕಾಯಿ ಒಂದು ಹಿಡಿ, ಸೂರ್ಯಕಾಂತಿ ಎಣ್ಣೆ ಒಂದು ಟೀ ಚಮಚ. ಪ್ರೋಟೀನ್ 31 ಗ್ರಾಂ ಹತ್ತಿರ ಬರುತ್ತದೆ, ಕ್ಯಾಲರಿಯೂ ಕೂಡಿಕೊಳ್ಳುತ್ತದೆ. ಎರಡು ಹೊತ್ತಿಗೆ ಹಂಚಿ. ಬೇಳೆ ಹಾಕಿದ ದಿನ ಅನ್ನ ಕಡಿಮೆ ಮಾಡಿ. ಮೊಟ್ಟೆಯನ್ನು ಬೇಯಿಸಿಯೇ ಕೊಡಿ, ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಬಯೊಟಿನ್ ಎಂಬ ಜೀವಸತ್ವವನ್ನು ಕಟ್ಟಿಹಾಕುತ್ತದೆ.

ಇದರಲ್ಲೂ ಕ್ಯಾಲ್ಸಿಯಂ ಸಾಲದು. ಮೊಟ್ಟೆಯ ಸಿಪ್ಪೆಯನ್ನು ತೊಳೆದು, ಕುದಿಸಿ, ಒಣಗಿಸಿ, ಬೆರಳಿಗೆ ತರಿ ಸಿಗದ ಹಾಗೆ ನುಣ್ಣಗೆ ಪುಡಿ ಮಾಡಿ ಇಟ್ಟುಕೊಳ್ಳಿ. ಒಂದು ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಚಿನ್ನಿಗೆ ದಿನಕ್ಕೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಸಾಕು.

ಸತುವು, ತಾಮ್ರ, ಅಯೊಡಿನ್, ವಿಟಮಿನ್ ಡಿ, ಇ ಇವನ್ನು ಅಡುಗೆಮನೆಯಿಂದಷ್ಟೇ ಹೊಂದಿಸುವುದು ಕಷ್ಟ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯಕೀಯ ಶಾಲೆಯವರು 2013ರಲ್ಲಿ ನಾಯಿಗಳ 200 ಮನೆ ಅಡುಗೆಯ ವಿಧಾನಗಳನ್ನು ಪರೀಕ್ಷಿಸಿದರು. ಪುಸ್ತಕದ್ದು, ಜಾಲತಾಣದ್ದು, ಪಶುವೈದ್ಯರು ಬರೆದದ್ದು ಎಲ್ಲವೂ ಅದರಲ್ಲಿದ್ದವು. ಶೇ. 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕೊರತೆಯಿತ್ತು. ನಾನು ಮೇಲೆ ಬರೆದದ್ದನ್ನೂ ಆ ಗುಂಪಿಗೆ ಸೇರಿಸಿಕೊಳ್ಳಿ. ಆದ್ದರಿಂದ ನಿಮ್ಮ ಊರಿನ ಪಶುವೈದ್ಯರಿಗೆ ಈ ತಟ್ಟೆಯನ್ನು ತೋರಿಸಿ, ಅದಕ್ಕೆ ಹೊಂದುವ ಖನಿಜ ಮತ್ತು ಜೀವಸತ್ವದ ಪುಡಿ ಬರೆಸಿಕೊಳ್ಳಿ. ದನಕ್ಕೆ ಹಾಕುವ ಖನಿಜ ಮಿಶ್ರಣವನ್ನು ಚಿಟಿಕೆ ಹಾಕಿದರಾಯಿತು ಎನ್ನುವವರು ಇದ್ದಾರೆ, ಅದು ಬೇಡ.

ದಾಸರಹಳ್ಳಿ ರಾತ್ರಿಪಾಳಿ

ನಾನು ಬೀದಿನಾಯಿಗಳಿಗೆ ಊಟ ಹಾಕುವವನು. 2025ರ ಜುಲೈನಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸುಮಾರು 5,000 ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕುವ ಯೋಜನೆ ಪ್ರಕಟಿಸಿತಲ್ಲ, ನಾಯಿಗೆ ಬಿರಿಯಾನಿಯೇ ಎಂದು ಊರೆಲ್ಲ ನಕ್ಕಿತು. ಅದರ ಪಟ್ಟಿಯಲ್ಲಿ ಇದ್ದದ್ದು 150 ಗ್ರಾಂ ಕೋಳಿ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ. ಆಮೇಲೆ ನನಗೆ ಪರಿಚಯದ ಎರಡು ಮೂರು ಮನೆಯವರು ಸರಕಾರಿ ಅಳತೆ ಎಂದು ಅದನ್ನೇ ತಮ್ಮ ಸಾಕುನಾಯಿಗಳಿಗೆ ದಿನವೂ ಹಾಕತೊಡಗಿದರು. ಇದು ಸರಿಯೇ ಮೇಡಂ?

ಮತ್ತೆ, ಹೋಟೆಲಿನವರು ರಾತ್ರಿ ಉಳಿದ ಬಿರಿಯಾನಿ ಕೊಡುತ್ತಾರೆ. ಎಲುಬು ಆಯ್ದು ಹಾಕುತ್ತೇನೆ. ಕೋಳಿ ಅಂಗಡಿಯವರು ತಲೆ, ಕಾಲು ಕೊಡುತ್ತಾರೆ, ಬೇಯಿಸಿ ಹಾಕುತ್ತೇನೆ.

ಪಶುವೈದ್ಯೆ, ಶಿವಮೊಗ್ಗ

ಆ ತಟ್ಟೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಪ್ರೋಟೀನ್ ಬೇಕಾದಷ್ಟಿದೆ. ಇಲ್ಲದಿರುವುದು ಕ್ಯಾಲ್ಸಿಯಂ. ಎಲುಬಿಲ್ಲದ ಮಾಂಸದಲ್ಲಿ ರಂಜಕ ತುಂಬ, ಕ್ಯಾಲ್ಸಿಯಂ ಹೆಚ್ಚುಕಡಿಮೆ ಸೊನ್ನೆ. ಬೀದಿಯ ನಾಯಿ ಅಲ್ಲಿ ಇಲ್ಲಿ ಎಲುಬು ಕಡಿದು ಸರಿಮಾಡಿಕೊಳ್ಳುತ್ತದೆ. ಮನೆಯ ನಾಯಿಗೆ ಆ ದಾರಿ ಇಲ್ಲ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯ್ದುಕೊಳ್ಳಲು ದೇಹ ತನ್ನ ಎಲುಬನ್ನೇ ಕರಗಿಸುತ್ತದೆ. ಬೆಳೆಯುವ ಮರಿಗಳಲ್ಲಿ ಇದು ಬೇಗ ಕಾಣುತ್ತದೆ: ಕಾಲು ಸೊಟ್ಟಗಾಗುತ್ತದೆ, ಸೋಫಾದಿಂದ ಹಾರಿದರೆ ಮೂಳೆ ಮುರಿಯುತ್ತದೆ. ಕ್ಷಕಿರಣ ಚಿತ್ರದಲ್ಲಿ ಮೂಳೆ ಸುತ್ತಲ ಮಾಂಸದಷ್ಟೇ ಮಂಕಾಗಿ ಕಾಣುವುದನ್ನು ನೋಡಿದ್ದೇನೆ. ಆ ಮರಿಗಳನ್ನು ತಂದವರೆಲ್ಲ ಹೇಳುವುದು ಒಂದೇ ಮಾತು, "ಬರೀ ಚಿಕನ್ ಹಾಕಿ ರಾಜನ ಹಾಗೆ ಸಾಕಿದ್ದೇವೆ ಡಾಕ್ಟ್ರೇ".

ಕೋಳಿ ಕಾಲು, ತಲೆಯನ್ನು ಕುಕ್ಕರಿನಲ್ಲಿ ಎಲುಬು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ತನಕ ಬೇಯಿಸಿ. ಅರೆಬೆಂದ ಎಲುಬು ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಹಸಿಯಾಗಿ ಹಾಕಬೇಡಿ, ಸಾಲ್ಮೊನೆಲ್ಲಾ ಎಂಬ ರೋಗಾಣು ನಾಯಿಯ ಜೊತೆಗೆ ನಿಮ್ಮ ಕೈಗೂ ಬರುತ್ತದೆ.

ಬಿರಿಯಾನಿಯಲ್ಲಿ ನನಗೆ ಎಲುಬಿಗಿಂತ ಈರುಳ್ಳಿಯ ಚಿಂತೆ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ಪ್ರತಿ ಕೆ.ಜಿ. ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ರಕ್ತದಲ್ಲಿ ಬದಲಾವಣೆ ತರಲು ಸಾಕು. 12 ಕೆ.ಜಿ. ನಾಯಿಗೆ ಎರಡು ಮೂರು ಗಡ್ಡೆ ಎಂದುಕೊಳ್ಳಿ. ಉಪ್ಪಿಟ್ಟಿನಲ್ಲಿ ಸಿಕ್ಕ ನಾಲ್ಕು ಚೂರಿಗೆ ಗಾಬರಿ ಬೀಳಬೇಕಿಲ್ಲ. ದಿನವೂ ಈರುಳ್ಳಿ ಮಸಾಲೆಯ ಎಂಜಲು ತಿನ್ನುವ ನಾಯಿಯ ಮಾತು ಬೇರೆ. ತಿಂದ ದಿನ ಏನೂ ಕಾಣುವುದಿಲ್ಲ, ಮೂರು ನಾಲ್ಕು ದಿನದ ಮೇಲೆ ಒಸಡು ಬಿಳಿಚಿಕೊಂಡು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಮನೆಯವರಿಗೆ ಬಿರಿಯಾನಿ ಮರೆತೇ ಹೋಗಿರುತ್ತದೆ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ ಇನ್ನೊಂದು ತರಹದ ಹುಚ್ಚು. ನಾಯಿ ತೋಳದ ವಂಶ, ಧಾನ್ಯ ಕೊಡಲೇಬಾರದು ಎಂದು ಧಾನ್ಯರಹಿತ ಚೀಲಕ್ಕೆ ಎರಡು ಪಟ್ಟು ಬೆಲೆ ತೆರುತ್ತಾರೆ. ಊರಿನಲ್ಲಿರುವ ತಮ್ಮನೂ ಅದನ್ನೇ ತರಿಸಲು ಹೊರಟಿದ್ದ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಈ ಬಗೆಯ, ಬಟಾಣಿ ಮತ್ತು ಬೇಳೆಕಾಳು ಹೆಚ್ಚಿರುವ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧ ಇರಬಹುದೇ ಎಂದು ತನಿಖೆ ಶುರುಮಾಡಿತು. ಇದೇ ಕಾರಣ ಎಂದು ಇಂದಿಗೂ ಸಾಬೀತಾಗಿಲ್ಲ. ಆದರೆ ಅನ್ನ ವಿಷ ಎನ್ನುವವರಿಗೆ 2013ರ ನೇಚರ್ ಪತ್ರಿಕೆಯ ಸಂಶೋಧನೆ ತೋರಿಸಬಹುದು: ಪಿಷ್ಟ ಜೀರ್ಣಿಸುವ ಜೀನು ತೋಳದಲ್ಲಿ ಎರಡು ಪ್ರತಿ ಇದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ. ನಮ್ಮ ಅನ್ನಕ್ಕೆ ಅವು ಎಂದೋ ಒಗ್ಗಿಕೊಂಡಿವೆ.

ಮುಧೋಳ ಸೀಮೆ

ನಮ್ಮ ಕಡೆ ಬೇಟೆನಾಯಿಗೆ ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಹಾಕುವುದೇ ರೂಢಿ. ಮುಧೋಳ ತಳಿಗೆ 2005ರಲ್ಲಿ ಅಂಚೆಚೀಟಿ ಬಂತು, ಸೇನೆಯವರೂ ಕೊಂಡೊಯ್ದರು. ಬೆಂಗಳೂರಿನವರು ಮರಿ ಒಯ್ದ ಮೇಲೆ ಫೋನು ಮಾಡುತ್ತಾರೆ: "ಪಕ್ಕೆಲುಬು ಕಾಣುತ್ತಿದೆ, ಎಷ್ಟು ಹಾಕಿದರೂ ದಪ್ಪ ಆಗುತ್ತಿಲ್ಲ." ಅರೇ, ಆ ತಳಿಯ ಮೈಕಟ್ಟೇ ಹಾಗೆ! ಅದನ್ನು ಲ್ಯಾಬ್ರಡಾರ್ ಮಾಡಲು ತುಪ್ಪ ಸುರಿಯುತ್ತಾರೆ. ಓಡುವ ನಾಯಿಗೆ ಹೊಟ್ಟೆ ಬರಿಸಬೇಡಿ.

ಪಶುವೈದ್ಯೆ, ಶಿವಮೊಗ್ಗ

ತುಪ್ಪದ ಮಾತು ಬಂದದ್ದು ಒಳ್ಳೆಯದಾಯಿತು. ಹಬ್ಬದ ಮರುದಿನ ನಮ್ಮ ಆಸ್ಪತ್ರೆಯಲ್ಲಿ ವಾಂತಿ ಮಾಡಿಕೊಂಡು, ಬೆನ್ನು ಗೂನು ಮಾಡಿ ನಿಂತ ನಾಯಿಗಳ ಸಾಲು ಇರುತ್ತದೆ. ಒಂದೇ ಸಲಕ್ಕೆ ಜಿಡ್ಡು ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಪ್ರಾಣಕ್ಕೇ ಬರಬಹುದು.

ಹಾಲು ಒಗ್ಗುವ ನಾಯಿಗೆ ಹಾಲು ಹಾಕಿ. ಭೇದಿಯಾದರೆ ಮೊಸರಿಗೆ ಬದಲಿಸಿ.

ಕಡಲ ಕಿನಾರೆ

ಮಾವಿನ ಕಾಲದಲ್ಲಿ ಗೊರಟೆ ಬಗ್ಗೆಯೂ ಬರೆಯಿರಿ. ನಮ್ಮ ಪಕ್ಕದ ಮನೆಯ ನಾಯಿ ಚೀಪಿ ಎಸೆದ ಗೊರಟೆ ನುಂಗಿತು. ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಜಿಡ್ಡೂ ಇಲ್ಲ, ವಿಷವೂ ಇಲ್ಲ, ಗಾತ್ರವೇ ಮುಳುವಾಯಿತು. ಬೆಣ್ಣೆಹಣ್ಣಿನ ಬೀಜವೂ ಅಷ್ಟೇ.

ಹಾಸನದ ಹಳಬ

ವೈದ್ಯರಮ್ಮ, ಮುದ್ದೆಯ ಬಗ್ಗೆ ನೀವು ಹೇಳಿದ ಲೆಕ್ಕ ಒಪ್ಪುತ್ತೇನೆ, ಚೀಲದ ಆಹಾರದ ಮೇಲಿನ ಸಿಟ್ಟನ್ನು ಬಿಡುವುದಿಲ್ಲ. ಒಂದು ಪ್ರಶ್ನೆ. ತಿನ್ನಬಾರದ್ದನ್ನು ತಿಂದರೆ ನಮ್ಮಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾರೆ. ಸರಿಯೇ?

ಪಶುವೈದ್ಯೆ, ಶಿವಮೊಗ್ಗ

ಖಂಡಿತ ಬೇಡ. ವಾಂತಿ ಆಗದೆ ಉಪ್ಪು ಒಳಗೇ ಉಳಿದರೆ ರಕ್ತದಲ್ಲಿ ಸೋಡಿಯಂ ಏರಿ, ಮೆದುಳಿಗೆ ಪೆಟ್ಟಾಗಿ ನಾಯಿ ಫಿಟ್ಸ್ ಬಂದು ಸಾಯಬಹುದು. ದ್ರಾಕ್ಷಿಗಿಂತ ಮದ್ದೇ ಮುಂದಾಗಿ ಕೊಲ್ಲುತ್ತದೆ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು ಎಂಬುದನ್ನು ಬರೆದುಕೊಂಡು, ಪೊಟ್ಟಣ ಇದ್ದರೆ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ. ಎರಡು ಗಂಟೆಯ ಒಳಗೆ ಬಂದರೆ ಸಾಮಾನ್ಯವಾಗಿ ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸಲು ಆಗುತ್ತದೆ.

ಓಡಿ ಬರಬೇಕಾದ ಇನ್ನೆರಡು ಪದಾರ್ಥಗಳಿವೆ. ಕಪ್ಪು ಚಾಕೊಲೇಟು, ಕೋಕೋ ಪುಡಿಯಲ್ಲಿ ನಾಯಿಗೆ ವಿಷವಾಗುವ ಥಿಯೊಬ್ರೊಮಿನ್ ಇರುತ್ತದೆ. ಚಿನ್ನಿಯಷ್ಟು ತೂಕದ ನಾಯಿಗೆ 50 ಗ್ರಾಂ ಕಪ್ಪು ಚಾಕೊಲೇಟು ತೊಂದರೆ ಕೊಡಲು ಸಾಕು. ಕಾಫಿ ಪುಡಿ, ಕಸದ ಬುಟ್ಟಿಯ ಕಾಫಿ ಚರಟವೂ ಅದೇ ಜಾತಿ. ಎರಡನೆಯದು ಜೈಲಿಟಾಲ್ ಎಂಬ ಸಿಹಿಕಾರಕ, ಸಕ್ಕರೆರಹಿತ ಚೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟ್, ಕೆಲವು ಕಡಲೆಕಾಯಿ ಬೆಣ್ಣೆಯಲ್ಲಿ ಇರುತ್ತದೆ. ಪ್ರತಿ ಕೆ.ಜಿ.ಗೆ 0.1 ಗ್ರಾಂ ಸೇರಿದರೂ ಅರ್ಧ ಗಂಟೆಯಲ್ಲಿ ರಕ್ತದ ಸಕ್ಕರೆ ಕುಸಿಯಬಹುದು, ಹೆಚ್ಚಾದರೆ ಯಕೃತ್ತು ಹೋಗುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಸಿಹಿಯ ಡಬ್ಬಿ ನಾಯಿಗೆ ಎಟುಕದ ಎತ್ತರದಲ್ಲಿರಲಿ.

ಮೈಸೂರು ಹಿತ್ತಿಲು

ಎಲ್ಲರಿಗೂ ಧನ್ಯವಾದ. ಇಡೀ ಚರ್ಚೆಯನ್ನು ಅತ್ತೆಯವರಿಗೆ ಓದಿ ಹೇಳಿದೆ. ಹುಣಸೆಹಣ್ಣಿನ ವಿಷಯಕ್ಕೆ "ಅದಕ್ಕೇ ತವರಿನಲ್ಲಿ ನಾಯಿಗೆ ಬೇಳೆಕಟ್ಟೇ ಹಾಕುತ್ತಿದ್ದದ್ದು" ಎಂದರು, ಮೊನ್ನೆಯವರೆಗೆ ಈ ಮಾತು ಇರಲಿಲ್ಲ. ಬೇಳೆ ಎತ್ತಿಡಲು ಒಪ್ಪಿದ್ದಾರೆ, ನೈವೇದ್ಯದ ಆಮೇಲೆ. ಪನೀರಿಗೆ ಬದಲು ಮನೆಯಲ್ಲೇ ಹಾಲು ಒಡೆಸಿ ಕೊಡುತ್ತಾರಂತೆ. ಒಂದೇ ತೊಡಕು. ಮೊಟ್ಟೆಯ ಸಿಪ್ಪೆ ಪುಡಿ ಮಾಡಲು ಮಿಕ್ಸಿ ಮುಟ್ಟಬಾರದಂತೆ. ಔಷಧದ ಅಂಗಡಿಯ ಕ್ಯಾಲ್ಸಿಯಂ ಮಾತ್ರೆ ಆದೀತೇ?

ಪಶುವೈದ್ಯೆ, ಶಿವಮೊಗ್ಗ

ಆದೀತು. ಕ್ಯಾಲ್ಸಿಯಂ ಕಾರ್ಬೊನೇಟ್ ಇರಲಿ, ವಿಟಮಿನ್ ಡಿ ಸೇರಿರದಂಥದ್ದು ಇರಲಿ. ವೈದ್ಯರು ಬರೆದುಕೊಡುವ ಪುಡಿಯಲ್ಲಿ ಡಿ ಹೇಗೂ ಇರುತ್ತದೆ, ಎರಡು ಕಡೆಯಿಂದ ಬಂದರೆ ಅತಿಯಾಗುತ್ತದೆ. ಜಗಿಯುವ ಸಿಹಿ ಮಾತ್ರೆಯಾದರೆ ಜೈಲಿಟಾಲ್ ಇದೆಯೇ ಎಂದು ಓದಿ ನೋಡಿ. ಹಳೆಯ ಊಟದಿಂದ ಹೊಸದಕ್ಕೆ ಒಂದು ವಾರ, ಹತ್ತು ದಿನ ತೆಗೆದುಕೊಂಡು ಬದಲಿಸಿ. ತಿಂಗಳಿಗೊಮ್ಮೆ ತೂಕ ನೋಡಿ.

ಹಾಸನದ ಹಳಬ

ಮಾತ್ರೆಗೆ ದುಡ್ಡು ಯಾಕೆ ಹಾಕುತ್ತೀರಿ ತಾಯಿ? ಹಿತ್ತಿಲಿನಲ್ಲಿ ಹಳೆಯ ಒರಳು ಬಿದ್ದಿಲ್ಲವೇ? ಅದರಲ್ಲಿ ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಆ ಒರಳಂತೂ ಒಳಗೆ ಬರುವುದಿಲ್ಲ.